ಬಾಯ್ಲರಿನ ಮೇಲೆ ಕೂತ ಗಂಗವ್ವ

ಗೆಳತಿಯರೇ, ದೀಪಾವಳಿಯ ಎಣ್ಣೆಸ್ನಾನಕ್ಕೆಂದು ಇವತ್ತು ನಸುಕಿನಲ್ಲೇ ಎದ್ದರೆ ನಮ್ಮ ಬಚ್ಚಲ ತುಂಬ ಹೊಗೆ. ನನ್ನ ಹೊಸ ಸೊಸೆ ಗೌರಿಗೆ ಲಿಂಗಸುಗೂರಿನ ತವರಿನವರು ಕೊಟ್ಟ ತಾಮ್ರದ ಬಾಯ್ಲರು ಅದು, ನಮ್ಮ ಓಣಿಗೇ ಮೊದಲನೆಯದು. ಎಷ್ಟು ಊದಿದರೂ ಉರಿ ಹತ್ತಲಿಲ್ಲ.

"ಕಟ್ಟಿಗಿ ಹಸಿ ಅದಾವ" ಎಂದರು ಮನೆಯವರು. ಒಣಕಟ್ಟಿಗೆ ತಂದೆ, ಬೂದಿ ತೆಗೆದೆ. ಹೊಗೆ ಇನ್ನಷ್ಟು ಹೆಚ್ಚಿತು.

"ಕೆಟ್ಟದ್ದು ನೋಡಿ ಕಳಸ್ಯಾರೇನವಾ ನಿಮ್ಮ ಮಂದಿ?" ಎಂದರು ನಮ್ಮ ಅತ್ತೆ. ಗೌರಿಯ ಕಣ್ಣು ತುಂಬಿತು. ಹೊಗೆಗೋ ಮಾತಿಗೋ ತಿಳಿಯಲಿಲ್ಲ.

ನಿನ್ನೆ ಸಂಜೆ ನೀರು ತುಂಬಿ ಪೂಜೆ ಮಾಡುವಾಗ ಅತ್ತೆ ಬಾಯ್ಲರಿಗೆ ವಿಭೂತಿ ಹಚ್ಚಿ, ಅದರ ನೆತ್ತಿಯ ಕೊಳವೆಯ ಬಾಯಿಗೆ ವೀಳ್ಯದೆಲೆ ಇಟ್ಟು, ಇವಳೇ ಗಂಗವ್ವ ಎಂದು ತೆಂಗಿನಕಾಯಿ ಕೂರಿಸಿದ್ದರು. ಹಳೆಯ ಹಂಡೆಗೆ ಅಂಥ ಕೊರಳಿರಲಿಲ್ಲ. ಇದು ಕಲಶಕ್ಕೆಂದೇ ಇರಬೇಕೆಂದು ನಾನೂ ಕೈಮುಗಿದಿದ್ದೆ.

ಗೌರಿ ಮಣೆಯೊಂದನ್ನು ತಂದು ಮೆಲ್ಲಗೆ ಕೇಳಿದಳು: "ಅಜ್ಜೀ, ಗಂಗವ್ವನ್ನ ಈ ಮಣಿ ಮ್ಯಾಲ ಕುಂಡ್ರಸಲೇನ್ರಿ? ಹೊಗಿ ಹೋಗಾಕ ಆ ಕೊಳವಿ ಒಂದ ದಾರಿ ಐತ್ರಿ."

"ಸ್ನಾನ ಆಗೂತನಕ ದೇವರನ್ನ ಅಲಗಸ್ತಾರೇನ?" ಎನ್ನುತ್ತಲೇ ಅತ್ತೆಗೆ ಕೆಮ್ಮು ಹತ್ತಿತು. "ಕುಂಡ್ರಸವಾ, ಲಗೂ ಕುಂಡ್ರಸು!"

ಕಾಯಿ ತೆಗೆದದ್ದೇ ತಡ, ಉರಿ ಭಗ್ಗನೆ ಎದ್ದಿತು.

ಅತ್ತೆ ಗೌರಿಯ ಬೆನ್ನು ಸವರಿದರು. "ನಿಮ್ಮ ಮಂದಿ ಚಲೋದ ಕೊಟ್ಟಾರವಾ. ಗಂಗವ್ವಗ ಮಣಿ ಹಾಕಿದ್ದಿಲ್ಲ, ಅದಕ್ಕ ಸಿಟ್ಟಾಗಿದ್ಲು."

ಗೌರಿ ನಕ್ಕಳು. ನನಗೆ ಮಾತ್ರ ಇನ್ನೂ ಬಗೆಹರಿದಿಲ್ಲ: ಇವತ್ತು ನಾನು ಮಿಂದದ್ದು ಗಂಗೆಯಲ್ಲೋ, ಗಂಗೆ ಎದ್ದುಹೋದ ಬಿಸಿನೀರಿನಲ್ಲೋ?