ಎಡಗಡೆ ಹಿಂದಿನ ಡ್ರಮ್ಮು

"ಮೇಡಮ್, ಘರ್ ಮೆ ಕೋಯಿ ಜೆಂಟ್ಸ್ ನಹೀಂ ಹೈ ಕ್ಯಾ?"

ಸಯನ್ ಸ್ಟೇಷನ್ ಹೊರಗಿನ ಹಾರ್ಡ್‌ವೇರ್ ಅಂಗಡಿಯವ ಹೀಗೆ ಕೇಳಿದಾಗ ನನ್ನ ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದರಲ್ಲಿ ಮೊಬೈಲು. ಮೊಬೈಲಿನಲ್ಲಿ ತುಕ್ಕು ಹಿಡಿದ ಬ್ರೇಕ್ ಡ್ರಮ್ಮಿನ, ಅಂದರೆ ಕಾರಿನ ಚಕ್ರದೊಳಗಿನ ಕಬ್ಬಿಣದ ಬಟ್ಟಲಿನ ಫೋಟೋ. ತುಕ್ಕು ಬಿಡಿಸಲಿಕ್ಕೆ ಒಂದು ಬಾಟ್ಲಿ ಆಸಿಡ್ ಬೇಕು ಅಂತ ಫೋಟೋ ಸಮೇತ ಹೇಳಿದ್ದೆ. ಮನೆಯಲ್ಲಿ ಗಂಡಸರಿದ್ದರೆ ಕಳಿಸಿ ಅನ್ನುತ್ತಾನೆ. ಐವತ್ತೆರಡು ವರ್ಷದ ಹೆಂಗಸು, ಬ್ಯಾಂಕಿನಲ್ಲಿ ದಿನಾ ಊರವರ ಸಹಿ ಪರೀಕ್ಷೆ ಮಾಡುವವಳು, ಇವನ ಮುಂದೆ ಗಂಡಸರನ್ನು ಹಾಜರುಪಡಿಸಬೇಕಂತೆ.

ಆಸಿಡ್ ಮಾರುವಾಗ ಹೆಸರು, ವಿಳಾಸ, ಕಾರಣ ಬರೆದುಕೊಳ್ಳಬೇಕು ಅನ್ನುವ ನಿಯಮ ಯಾಕಿದೆ ಅಂತ ನನಗೆ ಗೊತ್ತು. ಸುಟ್ಟ ಮುಖಗಳ ಫೋಟೋ ನಾನೂ ಪೇಪರಿನಲ್ಲಿ ನೋಡಿದ್ದೇನೆ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನಗಿಂತ ಮುಂಚೆ ನಿಂತಿದ್ದ ಗಂಡಸು ಎರಡು ಬಾಟ್ಲಿ ತಗೊಂಡು ಹೋದ. ಅವನನ್ನು ಯಾರೂ ಏನೂ ಕೇಳಲಿಲ್ಲ, ರಿಜಿಸ್ಟರು ಗಲ್ಲಾದ ಕೆಳಗಿಂದ ಹೊರಗೇ ಬರಲಿಲ್ಲ. ಯಾರ ಕೈಗೆ ಸಿಗಬಾರದು ಅಂತ ನಿಯಮ ಮಾಡಿದರೋ ಅವರಿಗೆ ಆರಾಮಾಗಿ ಸಿಗುತ್ತದೆ, ನನಗೆ ವಿಚಾರಣೆ. ಇದನ್ನೇ ಅವನಿಗೆ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವ ತಲೆ ಎತ್ತದೆ ಮೊಳೆ ತೂಗುತ್ತಾ ಕೂತ.

ಕಾರು ನನ್ನ ಅಪ್ಪನದು. ಧಾರವಾಡದ ಕಡೆಯಿಂದ ಬಂದು ವಡಾಲದ ಬಂದರಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಾನು ಎಂಟು ವರ್ಷದವಳಿದ್ದಾಗ ಯಾರೋ ಪಾರ್ಸಿ ಸಾಹೇಬರಿಂದ ಈ ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ಅವರ ಕೈ ನಡುಗಲು ಶುರುವಾಗಿ ಒಂಬತ್ತು ವರ್ಷ, ಕಾರು ಅವರಿರುವ ಸಯನ್ನಿನ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನಿಂತುಬಿಟ್ಟೂ ಅಷ್ಟೇ ವರ್ಷ. ಈಗ ಬಿಲ್ಡಿಂಗನ್ನೇ ಕೆಡವಿ ಹೊಸದು ಕಟ್ಟುತ್ತಾರೆ. ದೀಪಾವಳಿಯೊಳಗೆ ಎಲ್ಲರೂ ಖಾಲಿ ಮಾಡಬೇಕು. ತನ್ನ ಚಕ್ರದ ಮೇಲೆ ತಾನೇ ಉರುಳದ ಗಾಡಿಗಳನ್ನು ಭಂಗಾರದವನು, ಅಂದರೆ ಗುಜರಿಯವನು, ಅಲ್ಲೇ ನಿಂತು ಗ್ಯಾಸ್ ಕಟರಿನಿಂದ ತುಂಡು ಮಾಡಿ ಒಯ್ಯುತ್ತಾನೆ ಅಂತ ಸೊಸೈಟಿ ಬೋರ್ಡಿನಲ್ಲಿ ಚೀಟಿ ಅಂಟಿಸಿದರು. ವಡಾಲದಲ್ಲಿ ನಾನಿರುವ ಬಿಲ್ಡಿಂಗಿನ ಹಿಂದೆ ಒಂದು ಕಾರು ನಿಲ್ಲಿಸುವಷ್ಟು ಜಾಗ ಇದೆ. ಆದರೆ ಅಲ್ಲಿ ತನಕ ಅದು ಉರುಳಬೇಕಲ್ಲ.

ನಾಕೂ ಚಕ್ರ ಜಾಮ್. ಹಿಂದಿನ ಗಲ್ಲಿಯ ಮೆಕ್ಯಾನಿಕ್ ಬಂದು ಸುತ್ತಿಗೆಯಿಂದ ಬಡಿದು ಬಡಿದು ಡ್ರಮ್ಮು ಬಿಚ್ಚಿದ. ಒಳಗೆ ಬರೀ ತುಕ್ಕು. ಹೊಸ ಡ್ರಮ್ಮು ಈ ಮಾಡೆಲಿಗೆ ಎಲ್ಲೂ ಸಿಗುವುದಿಲ್ಲ, ಇವನ್ನೇ ಆಸಿಡ್ಡಿನಲ್ಲಿ ಹಾಕಿ ಸ್ವಚ್ಛ ಮಾಡಿ ಕೊಡಿ, ನಾನು ಜೋಡಿಸಿ ಕೊಡ್ತೇನೆ, ತೊಳೆಯುವಷ್ಟು ಪುರುಸೊತ್ತು ನನಗಿಲ್ಲ ಅಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ.

ಎಡಗಡೆ ಹಿಂದಿನ ಡ್ರಮ್ಮನ್ನು ಕೆಳಗಿಟ್ಟಾಗ ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಮುಂದಕ್ಕೆ ಬಾಗಿದರು. ಯಾಕೆ ಅಂತ ನನಗೆ ಗೊತ್ತಿತ್ತು. ಪ್ರತಿ ಖಂಡೇನವಮಿ ಬೆಳಿಗ್ಗೆ ಅಪ್ಪ ಆ ಒಂದು ಚಕ್ರ ಬಿಚ್ಚುತ್ತಿದ್ದರು. ಪಾನಾ, ಜಾಕು, ಸುತ್ತಿಗೆ ಎಲ್ಲ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತಿದ್ದವು. ಸೆಂಟರ್ ಪಂಚು ಅಂತ ಒಂದಿದೆ, ಪೆನ್ಸಿಲಿನಷ್ಟು ಉದ್ದದ ಚೂಪು ಉಕ್ಕಿನ ತುಂಡು. ಅದನ್ನು ಡ್ರಮ್ಮಿನ ಅಂಚಿನ ಮೇಲಿಟ್ಟು ಒಂದೇ ಏಟು. ಒಂದು ವರ್ಷಕ್ಕೆ ಒಂದು ಚುಕ್ಕಿ. ವರ್ಕ್‌ಶಾಪಿನಲ್ಲಿ ಅವರ ಉಸ್ತಾದ ತನ್ನ ಮಷಿನ್ನಿಗೆ ಹಾಗೆ ಮಾಡುತ್ತಿದ್ದನಂತೆ. ಡ್ರಮ್ಮು ಅಲುಗದಂತೆ ಹಿಡಿಯುವುದು ಅಣ್ಣನ ಕೆಲಸ. ಆರತಿ ತಾಟು ಹಿಡಿದು ನಿಲ್ಲುವುದು ನನ್ನ ಕೆಲಸ. ನಾನೂ ಒಂದು ಹೊಡೀತೇನಿ ಅಂತ ಹತ್ತು ವರ್ಷದವಳಿದ್ದಾಗ ಹಟ ಹಿಡಿದಿದ್ದೆ. "ಹುಡುಗೇರಿಗೆ ಯಾಕ ಇದೆಲ್ಲಾ" ಅಂದರು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ.

ಈಗ ಚುಕ್ಕಿಗಳೆಲ್ಲ ತುಕ್ಕಿನ ಅಡಿಗೆ ಹೋಗಿದ್ದವು. ಬೆರಳಿಗೂ ಹತ್ತುತ್ತಿರಲಿಲ್ಲ.

"ಯಾವ ಆಸಿಡ್ ತರಬೇಕ್ರಿ, ಅಪ್ಪಾ?" ಅಂತ ಮೊದಲ ದಿನವೇ ಕೇಳಿದೆ. ಕೇಳಿದೆ ಅನ್ನುವುದನ್ನು ನೆನಪಿಡಿ.

"ನಿನಗ್ಯಾಕ ಅದು? ಐತವಾರ ನಿಮ್ಮಣ್ಣ ಬರ್ತಾನ. ಅವಗ ಹೇಳ್ತೇನಿ."

ಅಣ್ಣ ಪುಣೆಯಲ್ಲಿರುತ್ತಾನೆ. ಆ ಐತವಾರ ಅವನಿಗೆ ಮೀಟಿಂಗ್ ಬಂತು. ಮುಂದಿನ ಐತವಾರ ಯಾರದೋ ಮನೆ ಪ್ರವೇಶ. ಅದರ ಮುಂದಿನದಕ್ಕೆ ಎಕ್ಸ್‌ಪ್ರೆಸ್‌ವೇದಲ್ಲಿ ಟ್ರಾಫಿಕ್ಕಂತೆ, ಮನೆಯಿಂದ ಹೊರಡುವ ಮೊದಲೇ ಗೊತ್ತಾಗಿತ್ತಂತೆ.

ನಾನು ಕಾಯಲಿಲ್ಲ. ಬ್ಯಾಂಕು ಮುಗಿಸಿ ದಿನಾ ಒಂದೊಂದು ಕಡೆ ಅಲೆದೆ. ಕಾರಿನ ಸಾಮಾನು ಮಾರುವ ಎಸಿ ಅಂಗಡಿಯಲ್ಲಿ ತುಕ್ಕು ತೆಗೆಯುವ ಬಾಟ್ಲಿ ಇತ್ತು. ಮೇಲೆ ಹೊಳೆಯುವ ಕಾರಿನ ಚಿತ್ರ, ಒಳಗೆ ಅರ್ಧ ಲೀಟರ್ ನೀರಿನಂಥದ್ದು. ನನಗೆ ಬೇಕಾದಷ್ಟು ತಗೊಂಡರೆ ಅಪ್ಪನ ಒಂದು ತಿಂಗಳ ಪೆನ್ಶನ್ ಅಲ್ಲೇ ಸುರಿಯಬೇಕು. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದೆ, ಒಳಗಿರುವುದು ಫಾಸ್ಫಾರಿಕ್ ಆಸಿಡ್. ಅದನ್ನೇ ಸಗಟು ಮಾರುವವರು ಜೋಗೇಶ್ವರಿಯಲ್ಲಿದ್ದಾರೆ ಅಂತ ಯಾರೋ ಹೇಳಿದರು. ಸರಿ, ಶನಿವಾರ ದಾದರಿನಲ್ಲಿ ಲೋಕಲ್ ಬದಲಿಸಿ ಜೋಗೇಶ್ವರಿಗೆ ಹೋದೆ. ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ ನಾಕು ತಿರುವು ತಿರುಗಿ, ಕೆಸರು ತುಳಿದು, ಅಂಗಡಿ ಹುಡುಕಿದೆ. ಮೂವತ್ತೈದು ಲೀಟರಿನ ಕ್ಯಾನಿಗಿಂತ ಕಡಿಮೆ ಕೊಡುವುದಿಲ್ಲವಂತೆ. ಜಿಎಸ್‌ಟಿ ನಂಬರ್ ಬೇಕಂತೆ. ಮೂವತ್ತೈದು ಲೀಟರ್ ಆಸಿಡ್ ತಗೊಂಡು ನಾನೇನು ಮುಂಬೈನ ಕಾರುಗಳನ್ನೆಲ್ಲ ತೊಳೆಯುತ್ತೇನೆಯೇ? ಎರಡು ಲೀಟರ್ ಕೊಡಿ ಅಂತ ಬೇಡಿಕೊಂಡೆ. ಗಾಳಿಗೆ ಹೇಳಿದಂತಾಯ್ತು. ಲೇಡೀಸ್ ಡಬ್ಬಿಯಲ್ಲಿ ನಿಂತು ವಾಪಸ್ಸು ಬರುವಾಗ ಚಪ್ಪಲಿಯ ಕೆಸರು ಪಕ್ಕದವಳ ಸೀರೆಗೆ ತಾಗಿ ಅವಳ ಹತ್ತಿರವೂ ಬೈಸಿಕೊಂಡೆ.

ಕೊನೆಗೆ ಟೈಲ್ಸ್ ತೊಳೆಯುವವನೊಬ್ಬ ಲೇಬಲ್ಲಿಲ್ಲದ ಬಾಟ್ಲಿಯಲ್ಲಿ ಹಳದಿ ಆಸಿಡ್ ಅಗ್ಗಕ್ಕೆ ಕೊಟ್ಟ. ಮುಚ್ಚಳ ತೆಗೆದರೆ ಹೊಗೆ, ಕಣ್ಣಲ್ಲಿ ನೀರು. ಪುಣ್ಯಕ್ಕೆ ಮೊದಲು ಬ್ರೇಕಿನ ಸ್ಪ್ರಿಂಗುಗಳನ್ನಷ್ಟೇ ಹಾಕಿದೆ. ತುಕ್ಕೇನೋ ಹೋಯಿತು. ಒಂದನ್ನು ಎತ್ತಿ ಕೊಂಚ ಎಳೆದರೆ ಚಟ್ ಅಂತ ಮುರಿಯಿತು. ಇನ್ನೊಂದೂ ಮುರಿಯಿತು. ಆ ಡ್ರಮ್ಮನ್ನು ಹಾಕಿದ್ದರೆ ಚುಕ್ಕಿಗಳ ಕತೆ ಮುಗಿದೇಹೋಗುತ್ತಿತ್ತು. ಅಪ್ಪ ಕುರ್ಚಿಯಿಂದ ಎಲ್ಲವನ್ನೂ ನೋಡಿದರು.

ಅದೇ ಹೊತ್ತಿಗೆ ಅಣ್ಣನ ಫೋನು. "ಸುಮ್ನ ಭಂಗಾರದವಗ ಕೊಟ್ಬಿಡು. ಎದಕ್ಕ ಇಷ್ಟು ಒದ್ದಾಡ್ತಿ?" ಫೋನು ಸ್ಪೀಕರಿನಲ್ಲಿತ್ತು. ಅಪ್ಪ ಕೇಳಿಸಿಕೊಂಡರು. ಕುರ್ಚಿಯಲ್ಲೇ ಕಾರಿನ ಕಡೆ ತಿರುಗಿ ಕೂತರು.

ನನ್ನ ಮುಖ ನೋಡದೆಯೇ ಅಂದರು. "ಕಿರಾಣಿ ಅಂಗಡ್ಯಾಗ ನಿಂಬು ಫೂಲ್ ಸಿಗ್ತೈತಿ. ಒಂದು ಕಿಲೋ ತಗೊಂಡ್ ಬಾ."

ನಿಂಬು ಫೂಲ್ ಅಂದರೆ ಸಿಟ್ರಿಕ್ ಆಸಿಡ್. ಶರಬತ್ತಿಗೆ ಹಾಕುವುದು, ಹಾಲು ಒಡೆಸುವುದು. ಬಿಲ್ಡಿಂಗಿನ ಕೆಳಗೇ ಇರುವ ಅಂಗಡಿಯಲ್ಲಿ ಸಕ್ಕರೆಯ ಪಕ್ಕದ ಡಬ್ಬಿಯಲ್ಲಿ ಇರುತ್ತದೆ. ಯಾರೂ ಆಧಾರ್ ಕೇಳುವುದಿಲ್ಲ, ಗಂಡಸರನ್ನು ಕೇಳುವುದಿಲ್ಲ. ವರ್ಕ್‌ಶಾಪಿನಲ್ಲಿ ಸಾಹೇಬರು ಆಸಿಡ್ ಮಂಜೂರು ಮಾಡದಿದ್ದಾಗ ಫಿಟ್ಟರುಗಳೆಲ್ಲ ಅದನ್ನೇ ಬಿಸಿನೀರಿಗೆ ಹಾಕಿ ತುಕ್ಕು ಬಿಡಿಸುತ್ತಿದ್ದರಂತೆ. ಅಗ್ಗ, ಹೊಗೆ ಇಲ್ಲ, ಲೋಹ ತಿನ್ನುವುದೂ ನಿಧಾನ.

ನನಗೆ ತಲೆಯಿಂದ ಕಾಲಿನ ತನಕ ಬೆಂಕಿ ಹತ್ತಿತು. "ಮೂರು ವಾರ ನಾ ಊರೆಲ್ಲಾ ತಿರಿಗೀನಿ. ಜೋಗೇಶ್ವರಿ ತನಕಾ ಹೋಗೀನಿ. ನಿಮಗ ಗೊತ್ತಿದ್ದೂ ಸುಮ್ನ ಕುಂತ್ರಿ?"

"ಅವ ಬಂದ್ರ ಹೇಳೂಣಂತ ಇದ್ದೆ."

"ನಾ ಎದುರಿಗೇ ಇದ್ದೆ."

ನಾನು ಚಪ್ಪಲಿ ಮೆಟ್ಟಿಕೊಂಡು ನನ್ನ ಮನೆಗೆ ಹೋದೆ. ಎರಡು ದಿನ ಫೋನು ಸಹ ಮಾಡಲಿಲ್ಲ. ಮಾತ್ರೆ, ಊಟ ಎಲ್ಲ ಮನೆಗೆಲಸದವಳಿಗೆ ಒಪ್ಪಿಸಿದೆ. ಎಂಬತ್ತರ ಮೇಲಿನ ಮುದುಕನ ಮೇಲೆ ಇಷ್ಟು ಸಿಟ್ಟು ಸರಿಯೇ ಅಂತ ಕೇಳುವವರು ಕೇಳಲಿ. ಸರಿಯೇ. ಆದರೆ ಮೂರನೇ ದಿನ ನಿಂಬು ಫೂಲ್ ತಗೊಂಡು ಹೋದೆ. ಹೋಗದಿದ್ದರೆ ಗೆಲ್ಲುತ್ತಿದ್ದವನು ಭಂಗಾರದವನು.

ಗೀಸರಿನ ಬಿಸಿನೀರು, ಎರಡು ಪ್ಲಾಸ್ಟಿಕ್ ಟಬ್ಬು, ಒಂದೊಂದರಲ್ಲಿ ಎರಡೆರಡು ಡ್ರಮ್ಮು. ಮರುದಿನ ರಜೆ ಹಾಕಿ ಮಧ್ಯಾಹ್ನ ತೆಗೆದು ಬ್ರಷ್ಷಿನಿಂದ ಉಜ್ಜಿದರೆ ಕಪ್ಪು ರಾಡಿ ಇಳಿದು ಬೂದು ಬಣ್ಣದ ಕಬ್ಬಿಣ ಬಂತು. ಅಪ್ಪ ಮೇಲೆ ಮಲಗಿದ್ದರು. ನಾನು ಏನು ಮಾಡಿದೆ ಗೊತ್ತೇ? ನಮ್ಮವ್ವ ಇದ್ದಾಗ ಹಬ್ಬದ ಮುಂಚೆ ಹಿತ್ತಾಳೆಯ ಸಮೆಗಳನ್ನು, ದೀಪದ ಕಂಬಗಳನ್ನು, ಹುಣಸೆಹಣ್ಣಿನಿಂದ ತಿಕ್ಕಿ, ಚೆನ್ನಾಗಿ ನೀರು ಹಾಕಿ ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ನನಗೆ ಕಲಿಸಿದ್ದು ಅಷ್ಟೇ. ಹುಳಿ, ನೀರು, ಬಿಸಿಲು. ನಾಕೂ ಡ್ರಮ್ಮನ್ನು ಹಾಗೇ ತೊಳೆದು ಕಾಂಪೌಂಡಿನ ಕಟ್ಟೆಯ ಮೇಲೆ ಬೋರಲು ಹಾಕಿ ಚಹಾ ಕುಡಿಯಲಿಕ್ಕೆ ಹೋದೆ. ಮಳೆಗಾಲದ ಕೊನೆಯ ಮುಂಬೈ, ಗಾಳಿಯಲ್ಲೇ ನೀರು. ಇಳಿದು ಬರುವಷ್ಟರಲ್ಲಿ ನಾಕೂ ಮತ್ತೆ ಕಿತ್ತಳೆ ಬಣ್ಣ.

ಅಪ್ಪನನ್ನು ಕೆಳಗೆ ಕರೆತಂದರೆ ನೋಡಿದವರೇ ಹಣೆ ಬಡಿದುಕೊಂಡರು. "ಹಿತ್ತಾಳಿ ಸಮೆ ಮಾಡೀಯೇನು ಇದನ್ನ? ಸೋಡಾ ನೀರಾಗ ಅದ್ದಿ ಹುಳಿ ಸಾಯಿಸಬೇಕು. ಆ ಕ್ಷಣಕ್ಕ ಒರೆಸಿ ಎಣ್ಣಿ ಹಚ್ಚಬೇಕು. ಬಿಸಿಲಿಗೆ ಯಾರರ ಹಾಕ್ತಾರೇನು?"

"ಯಾರು ಕಲಿಸಿದ್ರಿ ನನಗ? ದೀಪಾ ತಿಕ್ಕೂದು ಕಲಿಸಿದ್ರಿ, ಅದನ್ನ ಮಾಡೀನಿ."

ವಾಚ್‌ಮನ್ ತಿರುಗಿ ನೋಡಿದ. ನೋಡಲಿ. ಅಪ್ಪ ಕುರ್ಚಿಯನ್ನು ಟಬ್ಬಿನ ಪಕ್ಕಕ್ಕೆ ಎಳೆಸಿ ಕೂತರು. ಆವತ್ತಿನಿಂದ ನಾಕು ದಿನ, ಮೊದಲ ಸಲ, ನನಗೆ ಕಲಿಸಿದರು. ಬಟ್ಟೆ ಒಗೆಯುವ ಸೋಡಾ ಎಷ್ಟು, ಬ್ರಷ್ಷು ಯಾವ ಕಡೆಗೆ, ಎಣ್ಣೆ ಎಲ್ಲಿ ಹಚ್ಚಬೇಕು, ಬ್ರೇಕ್ ತಾಗುವ ಒಳಮೈಗೆ ಯಾಕೆ ಒಂದು ಹನಿಯೂ ಬೀಳಬಾರದು. ಬೈಯುತ್ತಲೇ ಕಲಿಸಿದರು, ನಾನೂ ಎದುರು ಮಾತಾಡುತ್ತಲೇ ಕಲಿತೆ. ಎಡಗಡೆ ಹಿಂದಿನ ಡ್ರಮ್ಮನ್ನು ಒರೆಸಿದಾಗ ಅಂಚಿನ ಮೇಲೆ ಒಂದೊಂದಾಗಿ ಚುಕ್ಕಿಗಳು ಎದ್ದವು. ಅಪ್ಪ ಹೆಬ್ಬೆರಳು ಹಚ್ಚಿ ಸಾಲಾಗಿ ಮುಟ್ಟುತ್ತಾ ಹೋಗಿ, ಸಾಲು ನಿಂತಲ್ಲಿ ಬೆರಳು ನಿಲ್ಲಿಸಿದರು.

ಮೆಕ್ಯಾನಿಕ್ ಎಲ್ಲಿಂದಲೋ ಹಳೇ ಸ್ಪ್ರಿಂಗು ತಂದು ಮೂರು ಡ್ರಮ್ಮು ಜೋಡಿಸಿದ. ನಾಕನೆಯದು ಖಂಡೇನವಮಿಗೆ ಇರಲಿ ಅಂದರು ಅಪ್ಪ. ಖಂಡೇನವಮಿಯ ಸಂಜೆ ಕಾರು ತನ್ನ ನಾಕು ಚಕ್ರದ ಮೇಲೆ ಉರುಳಿ ಗೇಟು ದಾಟಿತು, ಈಗ ವಡಾಲದಲ್ಲಿ ನನ್ನ ಅಡುಗೆಮನೆಯ ಕಿಟಕಿಯ ಕೆಳಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕಾದದ್ದು ಆ ದಿನ ಬೆಳಗಿನದು.

ಬೆಳಿಗ್ಗೆ ಅಣ್ಣ ಬಂದ. ಹೊಸ ಕುರ್ತಾ ಹಾಕಿಕೊಂಡು, ಪುಣೆಯ ಪೇಢೆಯ ಡಬ್ಬಿ ಹಿಡಿದು. "ಭಾರಿ ಕೆಲಸ ಮಾಡೀರಿ" ಅಂದ ಅಪ್ಪನಿಗೆ. ಮಣೆಯ ಮೇಲೆ ಪಾನಾ, ಜಾಕು, ಸುತ್ತಿಗೆ. ಕುಂಕುಮ, ಚೆಂಡುಹೂವು. ನಾನು ಅಭ್ಯಾಸಬಲದಿಂದ ಆರತಿ ತಾಟು ಹಿಡಿದು ಒಂದು ಹೆಜ್ಜೆ ಹಿಂದೆ ನಿಂತಿದ್ದೆ. ಅಪ್ಪ ಪಂಚನ್ನು ಡ್ರಮ್ಮಿನ ಅಂಚಿಗೆ ಇಟ್ಟರು. ಕೈ ನಿಲ್ಲಲಿಲ್ಲ, ಜಾರಿತು. ಮತ್ತೊಮ್ಮೆ ಇಟ್ಟರು, ಮತ್ತೆ ಜಾರಿತು. ಅಣ್ಣ ಕುರ್ತಾದ ತೋಳು ಮಡಚಿ ಮುಂದೆ ಬಂದು, "ಕೊಡ್ರಿ ಅಪ್ಪಾ, ನಾ ಹೊಡೀತೇನಿ" ಅಂದ.

ಅಪ್ಪ ಅವನ ಕಡೆ ನೋಡಲಿಲ್ಲ. ಪಂಚು, ಸುತ್ತಿಗೆ ಎರಡನ್ನೂ ನನ್ನ ಕಡೆ ಚಾಚಿದರು.

ನಾನು ಆರತಿ ತಾಟನ್ನು ಅಣ್ಣನ ಕೈಗೆ ತುರುಕಿದೆ. "ಹಿಡಿ. ದೀಪ ಆರಬಾರದು, ನೋಡ್ಕೋ." ಅವ ಹೊಸ ಕುರ್ತಾಕ್ಕೆ ಕುಂಕುಮ ತಾಗದ ಹಾಗೆ ತಾಟನ್ನು ದೂರ ಹಿಡಿದು ನಿಂತ.

ಕೊನೆಯ ಚುಕ್ಕಿಯ ಪಕ್ಕಕ್ಕೆ ಪಂಚು ಇಟ್ಟು ಹೊಡೆದೆ. ಇಷ್ಟು ವರ್ಷದ ಸಿಟ್ಟೆಲ್ಲ ಸೇರಿ ಏಟು ಜೋರಾಗಿಯೇ ಬಿತ್ತು. ಚುಕ್ಕಿ ಸಾಲು ಬಿಟ್ಟು ಒಂದು ಕಡೆ ವಾಲಿತು.

ಅಪ್ಪ ಬಾಗಿ ನೋಡಿದರು. "ಸೊಟ್ಟ ಆತು" ಅಂದರು.

"ಆಗ್ಲಿ ಬಿಡ್ರಿ" ಅಂದೆ. "ನಲವತ್ತು ವರ್ಷದ ಹಿಂದ ಕಲಿಸಿದ್ರ ನೆಟ್ಟಗ ಬೀಳ್ತಿತ್ತು."