ಗೊಂಬೆಗೆ ತೊಡಿಸಿದ ಅಂಗಿ

ತಿಕೋಟಾದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರಲ್ಲಿ ಗೌಂಡಿ ಕೆಲಸಕ್ಕೆ ಸೇರಿದ್ದೆ. ವಿಮಾ ಏಜೆಂಟ್ ಬಂದು ಗುತ್ತಿಗೆದಾರನಿಗೆ, ‘ಸಾವ್ಕಾರ್ರ, ನಿಮ್ಮ ಪಾಲಿಸಿ ಕಟ್ಟಡಕ್ಕಷ್ಟ ಐತ್ರಿ. ಆಳು ಬಿದ್ರ ಬ್ಯಾರೆ ಪಾಲಿಸಿ ಬೇಕು’ ಅಂದ. ಗುತ್ತಿಗೆದಾರ ನಕ್ಕು, ಮೇಲೆ ಕಟ್ಟಿದ್ದ ದೃಷ್ಟಿಗೊಂಬೆ ತೋರಿಸಿದ. ‘ಆಳುಗಳನ್ನ ಅಂವ ಕಾಯ್ತಾನ ಬಿಡೋ.’ ಹುಲ್ಲು ತುಂಬಿದ ಆ ಗೊಂಬೆಗೆ ತೊಡಿಸಿದ್ದು ನನ್ನ ಹಳೆ ಅಂಗಿ.

ಮರುದಿನ ಮುಂಜಾನೆ ಆ ಗೊಂಬೆ, ಕೆಳಗೆ ಜಲ್ಲಿಯ ಮೇಲೆ ಕುತ್ತಿಗೆ ಮುರಿದು ಬಿದ್ದಿತ್ತು. ಅದನ್ನು ಕಟ್ಟಿದ್ದ ಹಗ್ಗ ಮಾತ್ರ ಮೇಲೆ, ಗಂಟು ಬಿಚ್ಚದೆ ಹಾಗೇ ಇತ್ತು. ಸಿಮೆಂಟ್ ಬುಟ್ಟಿ ಹೊರುವ ಶಾಂತವ್ವ ನನ್ನ ಕೈ ಮುಟ್ಟಿ ನೋಡಿ, ‘ಇನ್ನೂ ಬೆಚ್ಚಗೈತಿ ಬಿಡು ಯಪ್ಪಾ’ ಅಂದಳು.

ಗುತ್ತಿಗೆದಾರ ಆಗಲೇ ಏಜೆಂಟನಿಗೆ ಫೋನ್ ಹಚ್ಚಿದ್ದ. ‘ಆಳುಗಳ ಪಾಲಿಸಿ ಇವತ್ತ ಮಾಡು. ಮೊದಲ ಈ ಗೌಂಡಿ ಹೆಸರು ಬರಿ.’

ಅರ್ಧಕ್ಕೆ ಬಿಟ್ಟ ಸಾಲಿಯ ಹಾಜರಿಯಲ್ಲೂ ನನ್ನ ಹೆಸರು ಯಾವತ್ತೂ ಮೊದಲು ಬಂದಿರಲಿಲ್ಲ.