ತಾಯಿಯ ಫೈಲಿನ ಹಿಂದಿನ ಹಾಳೆ

ಬೆಳಗಿನ ಆರೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ, ಮನಸ್ಸಿಲ್ಲದ ಮನಸ್ಸಿನಿಂದ ಹೊತ್ತಿಕೊಳ್ಳುತ್ತದೆ. ಐವತ್ತೇಳರ ಹೆಂಗಸೊಬ್ಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿ ಹತ್ತುತ್ತಾರೆ. "ನಾಲ್ಕನೇ ಮೆಟ್ಟಿಲು ಮುಟ್ಟಬೇಡಿ, ಅದು ನನ್ನ ಮಾತು ಮಾತ್ರ ಕೇಳೋದು" ಎಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಎಚ್ಚರಿಕೆ. ಆಸ್ಪತ್ರೆಗೆಲ್ಲ ಇವರು ಫೈಲಮ್ಮ.

ಇಪ್ಪತ್ತಾರು ವರ್ಷಗಳಿಂದ ಹಳೆಯ ದಾಖಲೆ ಕೋಣೆ ಇವರದೇ. ನಲವತ್ತೆರಡು ಕಪಾಟು, ಒಂದು ಏಣಿ, ಒಂದು ಕುರ್ಚಿ. ದಿನಕ್ಕೆ ಫೈಲು ಕೇಳುವ ಮೂವತ್ತು ಚೀಟಿ ಮೇಲಿನಿಂದ ಇಳಿಯುತ್ತವೆ. ಕಾಲೇಜು ಶುರುವಾಗುವ ತಿಂಗಳಲ್ಲಿ ಅದರಲ್ಲಿ ಏಳೆಂಟು ವಿದ್ಯಾರ್ಥಿಗಳದ್ದು: ಕಣ್ಣು ಮಂಜಾದವರು, ಕೈ ನಡುಗುವವರು, ಬೆನ್ನು ನೋವಿಗೆ ಕೂರಲಾಗದವರು. ವಿಶ್ವವಿದ್ಯಾಲಯ ಇವರಿಗೆ ನೆರವು ಕೊಡುತ್ತದೆ, ಆದರೆ ಮೊದಲು ಪುರಾವೆ ತನ್ನಿ ಎನ್ನುತ್ತದೆ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರಲ್ಲ, ಬೇಕು ಸ್ವಾಮಿ! ಆ ಕನ್ನಡಿಗೂ ಸಹಿ ಬೇಕು, ಸೀಲು ಬೇಕು" ಎಂದು ಫೈಲಮ್ಮ ನಗುತ್ತಾರೆ. ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಗಂಡ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಬಾಡಿಗೆಯ ಒಂದೇ ಕೋಣೆ, ಧೂಳಿನಿಂದ ಬಂದ ಉಬ್ಬಸ, ಏಣಿಯಿಂದ ಎರಡು ಸಲ ಬಿದ್ದ ಸೊಂಟ. ಕೆಲಸ ಎಂಟಕ್ಕೆ ತಾನೇ, ಆರಕ್ಕೇ ಯಾಕೆ ಬರುತ್ತೀರಿ ಎಂದರೆ, "ಎದ್ದು ಗೋಡೆ ಜೊತೆ ಮಾತಾಡ್ಲಾ? ಇಲ್ಲಾದ್ರೆ ಇಷ್ಟು ಜನ ಇದಾರೆ" ಎಂದು ಕಪಾಟುಗಳತ್ತ ಕೈ ತೋರಿಸುತ್ತಾರೆ. ಇನ್ನೊಂದು ಕುರ್ಚಿ ಯಾಕಿಲ್ಲ ಎಂದು ಕೇಳಿದ್ದಕ್ಕೂ ಉತ್ತರ ಸಿದ್ಧ: "ಯಾರು ಕೂರ್ತಾರೆ?"

ಹತ್ತು ಗಂಟೆಗೆ ಹತ್ತೊಂಬತ್ತರ ಹುಡುಗಿಯೊಬ್ಬಳು ಇಪ್ಪತ್ತೆರಡು ಮೆಟ್ಟಿಲಿಳಿದು ಬರುತ್ತಾಳೆ. ಎರಡೂ ಕಿವಿಗೆ ಯಂತ್ರ. ತುಟಿ ನೋಡಿ ಮಾತು ಹಿಡಿಯುತ್ತಾಳೆ, ಆದರೆ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಪಾಠ ಅಲ್ಲಿಗೇ ಮುಗಿಯಿತು. ತರಗತಿಯಲ್ಲಿ ಪಕ್ಕದಲ್ಲಿ ಕೂತು ಪಾಠ ಬರೆದುಕೊಡುವವರೊಬ್ಬರು ಬೇಕು. ಕಿವುಡು ಹುಟ್ಟಿನಿಂದಲೇ ಇದೆ ಎಂಬ ದಾಖಲೆಯನ್ನು ಇವತ್ತು ನಾಲ್ಕರೊಳಗೆ ಕೊಡಬೇಕಂತೆ. ಮೇಲಿನ ಕೌಂಟರಿನವರು ಮೂರು ಸಲ ಕಂಪ್ಯೂಟರ್ ನೋಡಿ, ನಿನ್ನ ಹೆಸರಲ್ಲಿ ಏನೂ ಇಲ್ಲ ಎಂದು ಕೈ ತೊಳೆದುಕೊಂಡಿದ್ದಾರೆ.

"ಇವತ್ತು ಸಿಗದಿದ್ರೆ ಓದು ಬಿಡ್ತೀನಿ. ಒಂದು ವರ್ಷ ಎಲ್ಲಾ ಕೇಳಿಸಿದ ಹಾಗೆ ತಲೆ ಆಡಿಸಿದ್ದೀನಿ. ಎಲ್ಲರೂ ನಕ್ಕಾಗ ನಕ್ಕಿದ್ದೀನಿ. ಸಾಕಾಗಿದೆ" ಎನ್ನುತ್ತಾಳೆ.

ಫೈಲಮ್ಮ ಎದ್ದು, ಮೂಗಿನ ಬಟ್ಟೆ ಬಿಚ್ಚಿ, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

"ಅಮ್ಮನ ಹೆಸರು ಬರಿ."

"ಅಮ್ಮ ಇಲ್ಲ. ನಂಗೆ ಎರಡು ವರ್ಷ ಆಗಿದ್ದಾಗಲೇ ಹೋದ್ರು. ಬೆಳೆಸಿದ್ದು ಚಿಕ್ಕಮ್ಮ."

"ಅಮ್ಮ ಹೋದ್ರೂ ಫೈಲು ಇರುತ್ತಲ್ಲ ಮಗಳೇ."

ಸಂಗತಿ ಇಷ್ಟೇ. ಆ ಕಾಲದಲ್ಲಿ ಹೆಸರಿಡದ ಹಸುಗೂಸಿಗೆ ಬೇರೆ ಫೈಲು ಇರಲಿಲ್ಲ. ಕಿವಿಯ ಪರೀಕ್ಷೆಯ ಹಾಳೆಯನ್ನು ತಾಯಿಯ ಹೆರಿಗೆ ಫೈಲಿನ ಹಿಂದೆ ಪಿನ್ನು ಹೊಡೆದು ಸೇರಿಸುತ್ತಿದ್ದರು. ಮುಂದೆ ಕಂಪ್ಯೂಟರ್ ಬಂದಾಗ ಏರಿಸಿದ್ದು ಪ್ರತಿ ಫೈಲಿನ ಮೊದಲ ಪುಟ ಮಾತ್ರ. "ಅದು ಸುಳ್ಳು ಹೇಳಲ್ಲ ಪಾಪ, ಅದಕ್ಕೆ ಗೊತ್ತೇ ಇಲ್ಲ" ಎನ್ನುತ್ತಾರೆ ಫೈಲಮ್ಮ. ಕೌಂಟರಿನವರಿಗೆ ಗೊತ್ತಿಲ್ಲವೇ? ಕೆಳಗಿಳಿದು ಕೇಳಿದ್ದರೆ ಗೊತ್ತಾಗುತ್ತಿತ್ತು. ಮೆಟ್ಟಿಲು ಇಪ್ಪತ್ತೆರಡೇ!

ಹೆರಿಗೆ ವಾರ್ಡಿನ ಹಳೆಯ ರಿಜಿಸ್ಟರಿನಲ್ಲಿ ತಾಯಿಯ ನಂಬರು ಹುಡುಕಲು ಎರಡು ತಾಸು. ಫೈಲಿಗೆ ಇನ್ನೊಂದು ತಾಸು. ಹುಡುಗಿ ನಿಂತೇ ಇದ್ದಾಳೆ. ಒಂದೂವರೆಗೆ ಏಣಿಯ ಮೇಲಿನಿಂದ "ಬಂದ್ಲು ನೋಡು" ಎಂಬ ಕೂಗು. ಹಿಂದಿನ ಹಾಳೆಯಲ್ಲಿ ಎಲ್ಲ ಇದೆ: ಹುಟ್ಟಿದ ಮೂರನೇ ದಿನ, ಎರಡೂ ಕಿವಿ, ಪ್ರತಿಕ್ರಿಯೆ ಇಲ್ಲ, ವೈದ್ಯರ ಸಹಿ.

ಹಾಳೆ ಮಗುಚಿದ ಫೈಲಮ್ಮ ಅಲ್ಲೇ ನಿಲ್ಲುತ್ತಾರೆ. ಹಾಳೆಯ ಬೆನ್ನಿಗೆ ನರ್ಸೊಬ್ಬರ ಕೈಬರಹ: 'ತಾಯಿಗೆ ವಿಷಯ ತಿಳಿಸಲಾಯಿತು. ಅಳಲಿಲ್ಲ. ಹಾಗಿದ್ರೆ ಯಾವಾಗಲೂ ಎದುರಿಗೆ ಕೂತೇ ಮಾತಾಡ್ತೀನಿ ಎಂದರು.'

ಕೇಳಿದ ಹಾಳೆ ಬಿಟ್ಟು ಬೇರೆ ಕೊಡಬಾರದೆಂಬುದು ನಿಯಮ. "ಹಾಳೆ ಒಂದೇ ತಾನೇ?" ಎಂದು ನನ್ನತ್ತ ನೋಡಿ, ಎರಡೂ ಬದಿಯ ನಕಲು ತೆಗೆದು ಸೀಲು ಒತ್ತುತ್ತಾರೆ. "ಇದು ಯೂನಿವರ್ಸಿಟಿಗೆ. ಇದು ನಿಂಗೆ."

ಹುಡುಗಿ ಎರಡನೆಯದನ್ನು ಮೂರು ಸಲ ಓದುತ್ತಾಳೆ. "ಇದು ಅಮ್ಮ ಆಡಿದ ಮಾತಾ?" ಫೈಲಮ್ಮ ತಲೆಯಾಡಿಸುತ್ತಾರೆ. ಹುಡುಗಿ ಎರಡೂ ಹಾಳೆಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಓಡುತ್ತಾಳೆ. ಬರ್ತೀನಿ ಎನ್ನುವುದೂ ಮರೆತುಹೋಗಿದೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಫೋನು ಹೊಡೆದುಕೊಳ್ಳುತ್ತದೆ. ಮೇಲಿನ ಕೌಂಟರಿನವರು. ಸೀಲು ಅಸಲಿಯೇ ಎಂದು ವಿಶ್ವವಿದ್ಯಾಲಯದವರು ವಿಚಾರಿಸಿದರಂತೆ. "ನನ್ನದೇ" ಎನ್ನುತ್ತಾರೆ ಫೈಲಮ್ಮ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನಿಡುತ್ತಾರೆ. "ಒಪ್ಪಿದ್ರಂತೆ."

ಹೀಗೆ ಬಂದ ಮಕ್ಕಳಲ್ಲಿ ಯಾರಾದರೂ ತಿರುಗಿ ಬಂದದ್ದುಂಟೇ?

"ಯಾಕೆ ಬರ್ತಾರೆ? ಓದೋ ಮಕ್ಕಳು. ಬೇಜಾರಿಲ್ಲ" ಎಂದು ಫೈಲು ಕಟ್ಟುತ್ತಾರೆ. ದಾರ ಗಂಟು ಹಾಕಿ, ಮತ್ತೆ ಬಿಚ್ಚಿ, ಮತ್ತೆ ಹಾಕುತ್ತಾರೆ. "ಬೇಜಾರಿಲ್ಲ ಅಂದ್ರೆ ಸುಳ್ಳು."

ನಾನು ಹೊರಟಾಗ ಮೆಟ್ಟಿಲ ತನಕ ಬರುತ್ತಾರೆ.

"ಪೇಪರಲ್ಲಿ ಬರೀತೀರಲ್ಲ, ಒಂದು ಮಾತು ಸೇರಿಸ್ತೀರಾ? ಇಲ್ಲಿಗೆ ಇನ್ನೊಂದು ಕುರ್ಚಿ ಬೇಕು ಅಂತ. ಆ ಹುಡುಗಿ ಮೂರೂವರೆ ತಾಸು ನಿಂತೇ ಇದ್ಲು."